ಭವ್ಯವಾರ

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿದ್ದವು. ಹಣ್ಣು ತಿಂದ ಮಕ್ಕಳ ಬೆರಳಿನಂಥ ನೇರಳೆ ಅಲ್ಲ. ಉಗುರಿನ ಸಂದಿಯಲ್ಲಿ ಕಪ್ಪಾಗಿ, ತುದಿಯಲ್ಲಿ ತಿಳಿಯಾಗಿ, ಚರ್ಮದ ಗೆರೆಗಳೊಳಗೆ ಇಳಿದು ಕೂತ ಬಣ್ಣ. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿ, ಅದು ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಚ್ಚುವ ಬಣ್ಣವಂತೆ. ಸೋಪಿಗೂ ಹೋಗುತ್ತಿರಲಿಲ್ಲ, ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಆ ಎರಡು ಬೆರಳಲ್ಲಿ ಅವರು ನಮ್ಮ ಪ್ರೆಸ್ಸಿನ ಪ್ರೂಫ್ ಹಾಳೆಯನ್ನು ಹಿಡಿದು ಕಣ್ಣಿನ ಹತ್ತಿರ ತಂದರೆಂದರೆ, ನಮ್ಮ ಮನೆಯವರು ಮೆಲ್ಲಗೆ ಹಿಂದಿನ ಕೋಣೆಗೆ ಸರಿದು ಮೆಷಿನ್ನಿಗೆ ಎಣ್ಣೆ ಬಿಡಲು ಶುರು ಮಾಡುತ್ತಿದ್ದರು. ಬಿಟ್ಟ ಜಾಗಕ್ಕೇ ಮತ್ತೆ ಬಿಡುತ್ತಿದ್ದರು.

ನಮ್ಮದು ಸಕಲೇಶಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಸಣ್ಣ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್, ಅದರ ಮುಂದೆ ನಾನು. ಹಿಂದಿನ ಕೋಣೆಯಲ್ಲಿ ಅಚ್ಚಿನ ಮೆಷಿನ್ನು, ಅದರ ಮುಂದೆ ನಮ್ಮ ಮನೆಯವರು. ಮದುವೆ ಕಾರ್ಡು, ನಾಮಕರಣ, ತಿಥಿ, ಎಸ್ಟೇಟಿನವರ ರಸೀದಿ, ಇವೇ ನಮ್ಮ ಕೆಲಸ. ಆ ನೇರಳೆ ಬೆರಳಿನವರು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದ ಮೇಡಂ. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಬರುತ್ತಿದ್ದರು. ಆಲೂರು ಕಡೆಯವರು, ಮದುವೆಯಾಗಿರಲಿಲ್ಲ, ಹೇಮಾವತಿ ಸೇತುವೆಯ ಹತ್ತಿರ ಒಂದು ಮಹಡಿ ಮನೆಯಲ್ಲಿ ಒಬ್ಬರೇ ಇದ್ದರು. ಊರಿನಲ್ಲಿ ಅವರಿಗೆ ಸಿಟ್ಟಿನ ಮೇಡಂ ಎಂದೇ ಹೆಸರು.

ಹೆಸರು ಸುಳ್ಳಲ್ಲ. ನಿಲ್ಲಿಸದೆ ಹೋದ ಬಸ್ಸಿನ ಮೇಲೆ ಸಿಟ್ಟು, ಉತ್ತರ ಗೊತ್ತಿಲ್ಲದೆ ತಲೆ ಅಲ್ಲಾಡಿಸುವ ಮಕ್ಕಳ ಮೇಲೆ ಸಿಟ್ಟು, ಹೋಟೆಲಿನ ಕಾಫಿಯ ಮೇಲಂತೂ ದಿನಾ ಸಿಟ್ಟು. "ಸುತ್ತ ಕಣ್ಣು ಹಾಯ್ಸಿದಷ್ಟು ದೂರ ಕಾಫಿ ತೋಟ ಐತೆ, ಕುಡಿಯೋಕೆ ಕೊಡೋದು ಚಿಕೋರಿ! ನಾಚ್ಕೆ ಆಗಲ್ವೇನ್ರೀ ನಿಮ್ಗೆ?" ಎಂದು ಲೋಟ ಕುಕ್ಕಿ ಎದ್ದು ಬರುತ್ತಿದ್ದರು. ಮಾರನೇ ದಿನ ಅದೇ ಹೋಟೆಲಿಗೆ ಹೋಗುತ್ತಿದ್ದರು. ಊರಲ್ಲಿ ಮತ್ತೊಂದು ಹೋಟೆಲಿನ ಮೇಲೆ ಅವರಿಗೆ ಇದಕ್ಕಿಂತ ಹೆಚ್ಚು ಸಿಟ್ಟಿತ್ತು.

ನಮ್ಮಲ್ಲಿಗೆ ಬಂದರೆ ಕಾಗದದ ಕಟ್ಟಿನ ಮೇಲೆ ಕೂತು ಪ್ರೂಫ್ ನೋಡುತ್ತಿದ್ದರು. ಒಂದೇ ಒಂದು ಒತ್ತಕ್ಷರ ತಿದ್ದಿ ಕೊಟ್ಟರೂ ಪುಟವನ್ನು ಮೊದಲ ಅಕ್ಷರದಿಂದ ಮತ್ತೆ ಓದಬೇಕು. "ತಿದ್ದಿದ್ದು ಅಲ್ಲಿ, ಕೆಳಗಿನ ಸಾಲಲ್ಲಿ ಮೇಡಂ" ಎಂದು ಬೆರಳಿಟ್ಟು ತೋರಿಸಿದರೆ ಒಪ್ಪುವವರಲ್ಲ. "ತಿದ್ದಿದ್ದು ಸರಿ ಆಯ್ತು ಕಣಮ್ಮ. ಉಳಿದದ್ದು ಕೆಟ್ಟಿಲ್ಲ ಅಂತ ಯಾರು ನೋಡಿದ್ರು?" ಈ ಮಾತನ್ನು ಅವರು ಎಷ್ಟು ಸಲ ಹೇಳಿರಬಹುದೋ. ಅಡುಗೆಮನೆಯಲ್ಲಿ ನಾನೇ ಅವರ ದನಿಯಲ್ಲಿ ಅಣಕಿಸಿ ನಗುತ್ತಿದ್ದೆ.

ಅಷ್ಟರಲ್ಲಿ ನಮ್ಮ ಮನೆಯವರ ಭವ್ಯವಾರ ನಡೆಯಿತು.

ಬಾಳ್ಳುಪೇಟೆಯವರೊಬ್ಬರು ಮನೆಮಗಳ ಮದುವೆ ಕಾರ್ಡಿಗೆ ಬಂದರು. ಹಿಂದಿನ ತಿಂಗಳು ಅವರ ನೆಂಟರ ಮನೆಗೆ ನಾವು ಮಾಡಿಕೊಟ್ಟ ಕಾರ್ಡು ಅವರಿಗೆ ಮೆಚ್ಚುಗೆಯಾಗಿತ್ತು. "ಅದೇ ಇರ್ಲಿ, ಹೆಸ್ರು ಮಾತ್ರ ಬದ್ಲಾಯ್ಸಿ" ಎಂದರು. ಆ ಕಾರ್ಡಿನ ಹುಡುಗಿ ಭಾನು, ಈ ಹುಡುಗಿ ಭವ್ಯ. ನಾನು ಊಟಕ್ಕೆ ಹೋಗಿದ್ದೆ. ಆಗಷ್ಟೇ ಕಂಪ್ಯೂಟರಿನ ಒಂದು ಉಪಾಯ ಕಲಿತಿದ್ದ ನಮ್ಮ ಮನೆಯವರು, ಭಾನು ಎಂದಿರುವ ಕಡೆಯಲ್ಲೆಲ್ಲ ಭವ್ಯ ಆಗಲಿ ಎಂದು ಒಂದೇ ಗುಂಡಿ ಒತ್ತಿದರು. ಹೆಸರೆಲ್ಲ ಬದಲಾಯಿತು. ಮುಹೂರ್ತ, ಸ್ಥಳ, ಊಟದ ಹೊತ್ತು, ಹೇಳಿದ್ದನ್ನೆಲ್ಲ ತುಂಬಿಸಿದರು. ಹೆಸರು ಸರಿಯಾಗಿದೆಯೇ ಎಂದು ಹುಡುಗಿಯ ಕಡೆಯವರೂ ನೋಡಿದರು, ಸರಿಯಾಗಿತ್ತು. ಅಚ್ಚಾಯಿತು, ಅರ್ಧ ಊರಿಗೆ ಹಂಚಿಯೂ ಆಯಿತು. ಆಮೇಲೆ ಹುಡುಗಿಯ ಸೋದರಮಾವ ಕಾರ್ಡು ಹಿಡಿದು ಪ್ರೆಸ್ಸಿನ ಬಾಗಿಲಿಗೆ ಬಂದ.

"ಏನ್ ಮಾರಾಯ, ನಮ್ ಹುಡುಗೀಗೆ ಅಂತ ಹೊಸಾ ವಾರಾನೇ ಮಾಡ್ಬುಟ್ಟಿದ್ದೀಯಲ್ಲೋ! ಭವ್ಯವಾರ ಅಂದ್ರೆ ಯಾವತ್ತು? ಶನಿವಾರ ಮುಗಿದ್ಮೇಲೋ, ಸೋಮವಾರಕ್ಕೆ ಮುಂಚೇನೋ?"

ಭಾನುವಾರವೂ ಭವ್ಯವಾರ ಆಗಿಹೋಗಿತ್ತು.

ಕಾರ್ಡನ್ನು ಮತ್ತೆ ಅಚ್ಚು ಹಾಕಿಕೊಟ್ಟೆವು. ಊರಿಗೆ ಮಾತ್ರ ಒಂದು ಮಾತು ಸಿಕ್ಕಿತು. "ಯಾವಾಗ ಬರ್ತೀಯೋ?" ಎಂದರೆ "ಭವ್ಯವಾರ ಬರ್ತೀನಿ ಹೋಗೋ" ಎನ್ನುವುದು. ನಗದವರೆಂದರೆ ಮೇಡಂ ಒಬ್ಬರೇ. ಅವರು ನಮ್ಮ ಮನೆಯವರನ್ನು ಕೂರಿಸಿಕೊಂಡು, ಯಾವ ಗುಂಡಿ, ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ಕೇಳಿ ಕೇಳಿ ತಿಳಿದುಕೊಂಡರು. ಕೊನೆಗೆ ಹೇಳಿದರು: "ಅದಕ್ಕೆ ಹುಡುಗೀನೂ ಗೊತ್ತಿಲ್ಲ, ವಾರಾನೂ ಗೊತ್ತಿಲ್ಲ. ಅಕ್ಷರ ಒಂದೇ ಥರ ಕಂಡ್ರೆ ಕತ್ತರಿಸಿ ಹಾಕುತ್ತೆ. ಅದರ ತಪ್ಪೇನೂ ಇಲ್ಲ ಬಿಡಿ. ಆಮೇಲೆ ಪುಟ ಓದ್ಲಿಲ್ವಲ್ಲ, ಅದು ನಿಮ್ಮ ತಪ್ಪು."

ನನ್ನ ಮಗನ ವಿಷಯ ಹೇಳಬೇಕು. ಅದನ್ನು ಹೇಳದೆ ಮೇಡಂ ನನಗೇನಾಗಿದ್ದರು ಎಂದು ಹೇಳಲಾಗದು.

ಅವನಿಗೆ ಹುಟ್ಟಿನಿಂದ ಥಲಸ್ಸೀಮಿಯ. ಅವನ ಮೈ ಸರಿಯಾದ ರಕ್ತವನ್ನು ತಾನೇ ಮಾಡಿಕೊಳ್ಳದು. ಕೆಲವು ವಾರಗಳಿಗೊಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗಿ ಬೇರೆಯವರ ರಕ್ತ ಕೊಡಿಸಬೇಕು, ದಿನಾ ಮಾತ್ರೆ ನುಂಗಿಸಬೇಕು. ಹಳಿ ಬದಲಿಸಲೆಂದು ರೈಲು ನಿಂತುಹೋಗಿದ್ದ ಕಾಲ. ಬಸ್ಸೇ ಗತಿ. ಹೋಗುವಾಗ ಬಾಳ್ಳುಪೇಟೆ ಬರುವಷ್ಟರಲ್ಲಿ ಸೋತು ನನ್ನ ತೊಡೆಯ ಮೇಲೆ ಮಲಗಿರುತ್ತಿದ್ದ. ಬರುವಾಗ ಅದೇ ಬಾಳ್ಳುಪೇಟೆಯಲ್ಲಿ ಬೋಂಡ ಬೇಕೆಂದು ಹಠ ಮಾಡುತ್ತಿದ್ದ. ಬೋಂಡ ಕೇಳಿದನೆಂದರೆ ರಕ್ತ ಹಿಡಿದಿದೆ ಎಂದು ನನ್ನ ಲೆಕ್ಕ. ಡಾಕ್ಟರು ಯಾವ ಚೀಟಿಯಲ್ಲಿ ಏನೇ ಬರೆಯಲಿ, ನಾನು ನಂಬುತ್ತಿದ್ದದ್ದು ಬೋಂಡವನ್ನು.

ಹುಟ್ಟಿನಿಂದ ಬಂದದ್ದು ಎಂದ ಮೇಲೆ ತಾಯಿಯಿಂದ ಬಂದದ್ದು ಎಂದು ನಮ್ಮತ್ತೆ ತೀರ್ಮಾನ ಮಾಡಿದ್ದರು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಒಂದು ದಿನ ಪ್ರೆಸ್ಸಿನಲ್ಲೇ ಮೇಡಂ ಎದುರಿಗೆ ಹೇಳಿದರು. ಮೇಡಂ ಪ್ರೂಫ್ ಹಾಳೆ ಕೆಳಗಿಟ್ಟರು.

"ಅಜ್ಜೀ, ನಿಮ್ಮ ಮಗಂದೂ ಒಂದು ಪಾಲೈತೆ."

"ನಮ್ ವಂಶದಾಗೆ ಯಾರ್ಗೂ ಇಲ್ಲ ಕಣವ್ವ."

"ಇವಳ ವಂಶದಲ್ಲೂ ಯಾರಿಗೂ ಇರ್ಲಿಲ್ಲ. ಇವಳು ಅರ್ಧ ತಂದ್ಲು, ನಿಮ್ಮ ಮಗ ಅರ್ಧ ಇಟ್ಕೊಂಡಿದ್ದ. ಅವನಿಗೆ ನಿಮ್ಮಿಂದ ಬಂತೋ ನಿಮ್ಮ ಯಜಮಾನ್ರಿಂದ ಬಂತೋ, ಬೇಕಿದ್ರೆ ನಾಳೆನೇ ಹಾಸನಕ್ಕೆ ಹೋಗಿ ನೋಡ್ಸೋಣ. ಬರ್ತೀರಾ?"

ಅತ್ತೆ ಬರಲಿಲ್ಲ. ಆದರೆ ಅವತ್ತಿನಿಂದ ಆ ಮಾತು ನಿಂತಿತು. ನನ್ನ ಮದುವೆಯಾದ ಮೇಲೆ ನನ್ನ ಪರವಾಗಿ ಯಾರೋ ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು.

ಆಮೇಲೆ ಒಂದು ಮಧ್ಯಾಹ್ನ ನನ್ನನ್ನೂ ಮಗನನ್ನೂ ಕಾಲೇಜಿಗೆ ಕರೆಸಿಕೊಂಡರು. ತಮ್ಮ ಬೆರಳು ಚುಚ್ಚಿಕೊಂಡು ಒಂದು ಹನಿ, ಅವನ ಬೆರಳಿಂದ ಒಂದು ಹನಿ. ಎರಡಕ್ಕೂ ಆ ನೇರಳೆ ಬಣ್ಣ ಹಚ್ಚಿ ಕಿಟಕಿಯ ಬೆಳಕಿಗಿಟ್ಟು ತೋರಿಸಿದರು. ಅವರ ರಕ್ತದ ಕಣಗಳು ಒತ್ತಿ ಮಾಡಿದ ನಿಪ್ಪಟ್ಟಿನ ಹಾಗೆ ದುಂಡಗೆ, ಒಂದೇ ಅಳತೆ. ಅವನವು ಸಣ್ಣವು, ಬಿಳಿಚಿದವು, ಒಂದೊಂದು ಒಂದೊಂದು ಆಕಾರ. ನನಗೆ ಅಳು ಬಂತು. ಮಗ ಮಾತ್ರ ಕಣ್ಣು ಕೀಲಿಸಿ ನೋಡುತ್ತ, "ಮೇಡಂ, ನಂದು ಡಿಸೈನ್ ಡಿಸೈನಾಗೈತೆ" ಎಂದ. ಸಿಟ್ಟಿನ ಮೇಡಂ ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಆಗ.

ಅವನಿಗೆ ಆರೋ ಏಳೋ ನಡೆಯುತ್ತಿದ್ದಾಗ ನಮ್ಮೂರ ಸೇವಾ ಸಂಘದ ಅಧ್ಯಕ್ಷರು ಒಂದು ಕರಪತ್ರದ ಕೆಲಸ ತಂದರು. ದೊಡ್ಡ ತೋಟದವರು, ಮೆತ್ತಗಿನ ಮಾತು. ಬೆಂಗಳೂರಿನ ಒಂದು ಆಸ್ಪತ್ರೆಯವರು ಊರಿನ ಸಮುದಾಯ ಭವನದಲ್ಲಿ ಶಿಬಿರ ಮಾಡುತ್ತಾರಂತೆ. ಹುಟ್ಟಿನಿಂದ ರಕ್ತದ ಕಾಯಿಲೆ ಇರುವ ಮಕ್ಕಳ ಮೂಳೆಯೊಳಗಿನ, ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು, ಅದರಲ್ಲಿರುವ ತಪ್ಪನ್ನು ತಿದ್ದಿ, ಮತ್ತೆ ಮೈಗೆ ಸೇರಿಸುತ್ತಾರಂತೆ. ಒಂದೇ ಸಲ. ಆಮೇಲೆ ಯಾರ ರಕ್ತವೂ ಬೇಡ. ಎಲ್ಲ ಉಚಿತ.

"ಕಾಂಡ ಅಂದ್ರೆ ಎಂಥದ್ದು ಸಾರ್, ಕಾಫಿ ಗಿಡದ್ದೇ?" ಎಂದು ನಮ್ಮ ಮನೆಯವರು ಕೇಳಿದರು.

"ಹಂಗೇ ಅಂತ ತಿಳ್ಕೊಳಯ್ಯ. ಕಾಂಡಕೊರಕ ಹುಳ ಹೊಕ್ರೆ ಗಿಡ ಏನಾಗುತ್ತೆ? ಹುಳಾನೇ ತೆಗೆದ್ಬಿಡೋದು." ಅಧ್ಯಕ್ಷರು ನನ್ನ ಕಡೆ ತಿರುಗಿ, "ಮೊದ್ಲು ನಿನ್ನ ಮಗನ ಹೆಸ್ರೇ ಬರ್ಸಿದ್ದೀನಿ ಕಣಮ್ಮ" ಎಂದರು.

ಅವತ್ತೇ ಕೂತು ಆ ಕರಪತ್ರ ಟೈಪು ಮಾಡಿದೆ. ತಪ್ಪನ್ನು ತಿದ್ದುತ್ತೇವೆ ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಸುತ್ತ ಹೂವಿನ ಅಂಚು ಕೊಟ್ಟೆ. ಅಧ್ಯಕ್ಷರು ಕೇಳಿರಲಿಲ್ಲ, ನಾನೇ ಕೊಟ್ಟೆ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಮಾರನೇ ದಿನ ಪ್ರಶ್ನೆಪತ್ರಿಕೆಗೆಂದು ಬಂದ ಮೇಡಂ ಕಣ್ಣಿಗೆ ಆ ಪ್ರೂಫ್ ಬಿತ್ತು. ನೇರಳೆ ಬೆರಳಲ್ಲಿ ಎತ್ತಿಕೊಂಡರು. ಮೊದಲಿಂದ ಕೊನೆಯವರೆಗೆ ಓದಿದರು. ಮತ್ತೆ ಮೊದಲಿಂದ ಓದಿದರು.

"ಇದು ತಿದ್ದೋದಲ್ಲ" ಎಂದರು.

"ಅವರೇ ಬರ್ದು ಕೊಟ್ಟಿರೋದು ಮೇಡಂ."

"ಯಾರೇ ಬರೀಲಿ. ಒಂದೊಂದು ಕೋಶದೊಳಗೂ ವಂಶವಾಹಿ ಅನ್ನೋ ಪುಸ್ತಕ ಇರುತ್ತೆ, ಅದರಲ್ಲಿ ತಪ್ಪಿರೋ ಸಾಲು ಹಾಗೇ ಉಳಿಯುತ್ತೆ ಕಣಮ್ಮ. ಸರಿಯಾದ ಸಾಲಿನ ಒಂದು ಪ್ರತೀನ ವೈರಸ್ಸಿನ ಹೆಗಲ ಮೇಲೆ ಹೊರ್ಸಿ ಒಳಗೆ ಕಳಿಸ್ತಾರೆ. ಅದು ಪುಸ್ತಕದಲ್ಲಿ ಯಾವ ಪುಟಕ್ಕೆ ಹೋಗಿ ತೂರ್ಕೊಳುತ್ತೆ ಅಂತ ಯಾರ ಕೈಲೂ ಇಲ್ಲ. ಎಲ್ಲಿ ಬೇಕಾದ್ರೂ ಬೀಳಬಹುದು. ಕೋಶಕ್ಕೆ ಬೆಳೀ, ನಿಲ್ಲು ಅಂತ ಹೇಳೋ ಸಾಲಿನ ಪಕ್ಕಕ್ಕೇ ಬಿದ್ರೆ? ನಿಲ್ಲು ಅನ್ನೋದು ಅಳಿಸಿಹೋದ್ರೆ? ಅದನ್ನೇ ರಕ್ತದ ಕ್ಯಾನ್ಸರ್ ಅನ್ನೋದು."

ನನಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಒಳ್ಳೆಯದಾದರೂ ಈ ಹೆಂಗಸಿಗೆ ತಪ್ಪೇ ಕಾಣುತ್ತದೆ ಎಂದುಕೊಂಡೆ. "ನೀವು ಪ್ರೂಫ್ ನೋಡಿ ನೋಡಿ ಎಲ್ಲಾದ್ರಲ್ಲೂ ತಪ್ಪೇ ಹುಡುಕ್ತೀರ ಮೇಡಂ" ಎಂದುಬಿಟ್ಟೆ.

ಅವರೂ ಬಿಡಲಿಲ್ಲ. "ಹೂಂ, ಹುಡುಕ್ತೀನಿ. ಹೊರದೇಶದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಯವರು, ಬೇರೆ ಒಂದು ಕಾಯಿಲೆಗೆ, ಎಷ್ಟೋ ಎಚ್ಚರಿಕೆಯಿಂದ ಇದನ್ನ ಮಾಡಿದ್ರು. ಮಕ್ಕಳು ವಾಸಿ ಆದ್ರು. ಆಮೇಲೆ ಕೆಲವು ಮಕ್ಕಳಿಗೆ ಕ್ಯಾನ್ಸರ್ ಬಂತು. ಅವರು ಮುಚ್ಚಿಡಲಿಲ್ಲ. ಎಲ್ಲಿ ಬಿದ್ದಿತ್ತು ಅಂತ ಹುಡುಕಿ ಜಗತ್ತಿಗೆ ಹೇಳಿದ್ರು. ಹೇಳಿದ್ದಕ್ಕೆ ಈ ಊರಲ್ಲಿ ಕೂತು ನನಗೂ ಗೊತ್ತಾಯ್ತು. ಇವರು ಹೇಳ್ತಾರಾ? ಹುಡುಕ್ತಾರಾ? ನಿಮ್ಮ ಮನೆಯವರ ಗುಂಡಿ ಇದಕ್ಕಿಂತ ವಾಸಿ ಕಣೇ, ಅದು ಅಕ್ಷರ ನೋಡಿಯಾದ್ರೂ ಹೋಯ್ತು. ಕಾಂಡಕೋಶ ಅಂದ್ರೆ ನಿಮ್ಮ ಮೆಷಿನ್ನಿನ ಪ್ಲೇಟ್ ಇದ್ದ ಹಾಗೆ. ಪ್ಲೇಟಲ್ಲಿ ತಪ್ಪಾದ್ರೆ ಬರೋ ಪ್ರತೀಲೆಲ್ಲ ತಪ್ಪು. ಅವತ್ತು ಕಾರ್ಡು ಮತ್ತೆ ಅಚ್ಚು ಹಾಕಿಕೊಟ್ರಿ. ಮಗೂನ ಮತ್ತೆ ಅಚ್ಚು ಹಾಕ್ತೀರಾ?"

ಹಿಂದಿನ ಕೋಣೆಯಲ್ಲಿ ಎಣ್ಣೆಯ ಡಬ್ಬಿ ಕೆಳಗಿಟ್ಟ ಶಬ್ದ ಕೇಳಿತು.

ಅಧ್ಯಕ್ಷರು ಪ್ರೂಫ್ ನೋಡಲು ಬಂದಾಗ ಮೇಡಂ ಅಲ್ಲೇ ಇದ್ದರು. ಒಂದೇ ಕೇಳಿದ್ದು: "ಕೊನೆಗೆ ಒಂದು ಸಾಲು ಸೇರಿಸಿ. ಸೇರಿಸಿದ್ದು ಎಲ್ಲಿ ಬೀಳುತ್ತೆ ಅಂತ ನಮಗೆ ಗೊತ್ತಿಲ್ಲ ಅಂತ. ಓದಿದ ಮೇಲೂ ಬರೋರು ಬರ್ಲಿ." ಅಧ್ಯಕ್ಷರು ನಕ್ಕು, "ಹಂಗ್ ಬರ್ದ್ರೆ ಯಾರು ಬರ್ತಾರೆ ಮೇಡಂ?" ಎಂದರು.

ಈಗ ಇಪ್ಪತ್ತು ವರ್ಷ ಆಗಿದೆ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಹಾಗೆ ಬರೆದರೆ ಯಾರೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆಯಲಿಲ್ಲ.

ಶಿಬಿರಕ್ಕೆ ನಾವೂ ಹೋದೆವು. ನನ್ನ ಆಸೆ ಹೋಗಿರಲಿಲ್ಲ, ಸುಳ್ಳು ಹೇಳಲಾರೆ. ಹೊಸ ಅಂಗಿ ಹಾಕಿಸಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ನಮ್ಮ ಮುಂದಿನ ಸಾಲಿನಲ್ಲಿ ಕೆ. ಹೊಸಕೋಟೆ ಕಡೆಯ ತಾಯಿಯೊಬ್ಬಳು ತನ್ನ ಮಗಳೊಂದಿಗೆ ಕೂತಿದ್ದಳು. ಆ ಹುಡುಗಿಗೂ ನನ್ನ ಮಗನದೇ ಕಾಯಿಲೆ. ಎರಡು ಜಡೆ, ಕೆಂಪು ರಿಬ್ಬನ್ನು. ಹಿಂದೆ ತಿರುಗಿ ತಿರುಗಿ ನನ್ನ ಮಗನಿಗೆ ನಾಲಗೆ ಚಾಚುತ್ತಿದ್ದಳು.

ಬಿಳಿ ಕೋಟಿನ ಡಾಕ್ಟರು ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ವಿವರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಎದ್ದು ನಿಂತರು.

"ಸೇರಿಸಿದ್ದು ಎಲ್ಲಿ ಬಿತ್ತು ಅಂತ ಹೇಗೆ ನೋಡ್ತೀರಿ?"

"ಮೇಡಂ, ಇದು ಪಿಯುಸಿ ಪಾಠ ಅಲ್ಲ" ಎಂದರು ಡಾಕ್ಟರು. ಜನ ನಕ್ಕರು.

"ಆಗ್ಲಿ, ಪಿಯುಸಿಯದ್ದಲ್ಲದ ಉತ್ತರಾನೇ ಕೊಡಿ. ಬರ್ಕೊಳ್ತೀನಿ. ಆಮೇಲೆ ಎಷ್ಟು ವರ್ಷ ಈ ಮಕ್ಕಳನ್ನ ಕರೆಸಿ ನೋಡ್ತೀರಿ? ತಪ್ಪು ಜಾಗಕ್ಕೆ ಬಿದ್ದಿದ್ರೆ ಏನ್ ಮಾಡ್ತೀರಿ?"

ಡಾಕ್ಟರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಮೈಕು ತೆಗೆದುಕೊಂಡು, ಒಳ್ಳೆಯ ಕೆಲಸಕ್ಕೆ ಅಡ್ಡ ಬರುವವರು ಎಲ್ಲ ಕಾಲದಲ್ಲೂ ಇರುತ್ತಾರೆ ಎಂದರು. ಹಿಂದಿನಿಂದ ಯಾರೋ "ಕೂತ್ಕೊಳಮ್ಮೋ" ಎಂದು ಕೂಗಿದರು. ಮೇಡಂ ಕೂರಲಿಲ್ಲ. ಮತ್ತೆ ಅದೇ ಪ್ರಶ್ನೆ, "ಎಲ್ಲಿ ಬಿತ್ತು ಅಂತ ನೋಡೋರು ಯಾರು?" ಆಗ ಹೊಸಕೋಟೆಯ ಆ ತಾಯಿ ಎದ್ದಳು.

"ನಿಮ್ಗೆ ಮಕ್ಳಿಲ್ಲ, ಮರಿಯಿಲ್ಲ. ನಮ್ ಹೊಟ್ಟೆ ಉರಿ ನಿಮ್ಗೇನ್ ಗೊತ್ತೈತೆ? ನಮ್ ಮಗು ಬದುಕೋದು ನಿಮ್ಗೆ ಬ್ಯಾಡ್ವಾ?"

ಚಪ್ಪಾಳೆ ಬಿತ್ತು. ಆ ಮಾತಿಗೆ ಚಪ್ಪಾಳೆ ಬಿತ್ತು. ಮೇಡಂ ನೇರಳೆ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತರು.

ನಮ್ಮ ಮನೆಯವರು ಎದ್ದರು. ಜನರ ಮುಂದೆ ಬಾಯಿ ಬಿಡದ ಮನುಷ್ಯ. ಮಗನನ್ನು ನನ್ನ ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡು, "ನಡಿ" ಎಂದರು. "ಯಾಕಯ್ಯ, ಮೊದ್ಲನೇ ಹೆಸ್ರೇ ನಿನ್ನ ಮಗಂದು" ಎಂದು ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

"ನಾನು ಒಂದ್ಸಲ ಭವ್ಯವಾರ ಮಾಡ್ದೋನು ಸಾರ್. ಸಾಕು."

ಭವನಕ್ಕೆ ಭವನವೇ ನಕ್ಕಿತು. ಏನೋ ತಮಾಷೆ ಎಂದುಕೊಂಡರು.

ಮೇಡಂಗೆ ಆಮೇಲೆ ಆದದ್ದು ಇಷ್ಟು. ಸಾರ್ವಜನಿಕರ ಮುಂದೆ ಅನುಚಿತ ವರ್ತನೆ ಎಂದು ದೂರು ಹೋಯಿತು. ಪರೀಕ್ಷೆ ಹತ್ತಿರ ಬಂದಿದ್ದರೂ ದೂರದ ಬಯಲುಸೀಮೆಗೆ ವರ್ಗ ಆಯಿತು. ಅವರ ಹತ್ತಿರ ಓದಿ ಡಾಕ್ಟರಾದವರು, ಎಂಜಿನಿಯರಾದವರು ಈ ಊರಲ್ಲಿ ಮನೆಗೊಬ್ಬರಿದ್ದಾರೆ. ಬಸ್ಸು ಹತ್ತಿಸಲು ಬಂದವರು ನಾನು, ನಮ್ಮ ಮನೆಯವರು, ನನ್ನ ಮಗ. ಇನ್ನೊಂದು ನರಪಿಳ್ಳೆ ಇಲ್ಲ. ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಲ್ಲಾದ್ರೂ ಚಿಕೋರಿ ಇಲ್ದೆ ಕಾಫಿ ಸಿಗುತ್ತೋ ಏನೋ" ಎಂದರು. ಆಮೇಲೆ ಮಗನಿಗೆ, "ಮಾತ್ರೆ ತಪ್ಪಿಸಿದ್ರೆ ಅಲ್ಲಿಂದ ಬಂದು ಹೊಡೀತೀನಿ" ಎಂದರು. ಬಸ್ಸು ಹೊರಟಿತು.

ಹೊಸಕೋಟೆಯ ಹುಡುಗಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಮೊದಮೊದಲು ಚೆನ್ನಾಗಿದ್ದಾಳೆ ಎಂದು ಸುದ್ದಿ ಬಂತು. ಅಧ್ಯಕ್ಷರು ಆ ಸುದ್ದಿಯನ್ನು ನಮ್ಮ ಪ್ರೆಸ್ಸಿಗೆ ಬಂದು ಹೇಳಿ ಹೋದರು, ನನಗೆ ಕೇಳಲೆಂದೇ. ಅವತ್ತು ನಾನು ಊಟ ಮಾಡಲಿಲ್ಲ. ಮೇಡಂ ಮೇಲೂ, ನಮ್ಮ ಮನೆಯವರ ಮೇಲೂ ಕೆಂಡದಂಥ ಸಿಟ್ಟು ಬಂದಿತ್ತು. ಮುಂದಿನ ವರ್ಷ ಹುಡುಗಿಗೆ ಬಿಡದ ಜ್ವರ, ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಬೆಂಗಳೂರಿನ ಆ ಆಸ್ಪತ್ರೆ ಬಾಗಿಲು ಹಾಕಿತ್ತು. ಬೋರ್ಡು ಕೂಡ ಇರಲಿಲ್ಲವಂತೆ. ಹಾಸನದ ಡಾಕ್ಟರು ರಕ್ತದ ಕ್ಯಾನ್ಸರ್ ಎಂದರು. ಮೂಳೆಯೊಳಗೆ ಏನು ಸೇರಿಸಿದ್ದರು ಎಂದು ಕೇಳಿದರು. ಆ ತಾಯಿಗೇನು ಗೊತ್ತು? ಕೇಳೋಣವೆಂದರೆ ಆಸ್ಪತ್ರೆಯೇ ಇಲ್ಲ. ಹುಡುಗಿ ಹೋಗಿಬಿಟ್ಟಳು.

ಸುದ್ದಿ ಕೇಳಿ ಮೇಡಂ ರಜೆ ಹಾಕಿ ಬಂದರು. ನಾನು ಅಂದುಕೊಂಡಿದ್ದೆ, ಈಗ ಊರಿನ ಎದುರು ನಿಂತು ನಾನು ಹೇಳಿದ್ದೆನಲ್ಲ ಎಂದು ಕೂಗುತ್ತಾರೆ, ಕೂಗಲಿ ಎಂದು. ಅವರು ಮೊದಲಿನ ಹಾಗೇ ಕಾಗದದ ಕಟ್ಟಿನ ಮೇಲೆ ಕೂತರು.

"ಅದರಿಂದಲೇ ಹೋಯ್ತು ಅಂತ ನಾನು ಹೇಳೋ ಹಾಗಿಲ್ಲ ಕಣಮ್ಮ" ಎಂದರು.

"ಇನ್ಯಾತರಿಂದ ಮೇಡಂ?"

"ಗೊತ್ತಿಲ್ಲ. ಅದೇ ನನ್ನ ಸಿಟ್ಟು. ಅದರಿಂದ ಅಂತ ಹೇಳೋಕೂ ಆಗಲ್ಲ, ಅದರಿಂದ ಅಲ್ಲ ಅಂತ ಹೇಳೋಕೂ ಆಗಲ್ಲ. ಯಾರೂ ನೋಡ್ಲಿಲ್ಲ. ನೋಡಿದ್ರೆ ಮುಂದಿನ ಮಗುವಿಗಾದ್ರೂ ಉಪಯೋಗಕ್ಕೆ ಬರ್ತಿತ್ತು. ಒಂದು ಮಗು ಹೋಯ್ತು, ಅದು ಹೋದದ್ದರಿಂದ ಯಾರೂ ಏನೂ ಕಲೀಲಿಲ್ಲ."

ಆಮೇಲೆ ನನ್ನನ್ನು ಕರೆದುಕೊಂಡು ಬಾಳ್ಳುಪೇಟೆಯಲ್ಲಿ ಬಸ್ಸು ಬದಲಿಸಿ ಹೊಸಕೋಟೆಗೆ ಹೋದರು. ಬೇಡ ಮೇಡಂ, ಅವಳು ನಿಮಗೆ ಅಂದ ಮಾತು ಮರೆತಿರಾ ಎಂದು ನಾನು ದಾರಿಯುದ್ದಕ್ಕೂ ತಡೆದೆ. ಮನೆಯ ಮುಂದೆ ಆ ತಾಯಿ ಕೂತಿದ್ದಳು. ಮೇಡಂ ಅವಳ ಪಕ್ಕ ನೆಲದ ಮೇಲೆ ಕೂತರು.

"ಕೇಳ್ಬೇಕಿತ್ತು ನಾನು" ಎಂದಳು ಅವಳು. "ನಿಮ್ ಮಾತು ಕೇಳ್ಬೇಕಿತ್ತು ಕಣ್ರವ್ವ. ಹಾಳು ಬಾಯಿ ನಂದು, ಏನೇನೋ ಅಂದ್ಬುಟ್ಟೆ."

"ಇಲ್ಲ" ಎಂದರು ಮೇಡಂ. ದನಿಯಲ್ಲಿ ಅದೇ ಗದರಿಕೆ. "ನೀನು ಮಗು ಬದುಕ್ಲಿ ಅಂತ ಹೋದೆ. ನೀನು ತಪ್ಪು ಮಾಡ್ಲಿಲ್ಲ. ಹೇಳ್ಬೇಕಾದೋರು ಹೇಳ್ಲಿಲ್ಲ. ಅವರ ತಪ್ಪನ್ನ ನಿನ್ನ ತಲೆ ಮೇಲೆ ಹೊತ್ಕೊಂಡ್ರೆ ನೋಡು, ನಂಗೆ ಸಿಟ್ಟು ಬರುತ್ತೆ."

ಅವಳು ಮೇಡಂ ಕೈ ಹಿಡಿದುಕೊಂಡು ಅತ್ತಳು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಬಯಲುಸೀಮೆಯ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲವಂತೆ. ನೇರಳೆ ಬಣ್ಣ ಉಗುರಿನ ಸಂದಿಯಲ್ಲಿ ಮಾತ್ರ ಉಳಿದಿತ್ತು.

ಮತ್ತೆ ಕೆಲವು ವರ್ಷಕ್ಕೆ, ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ, ಅವರು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ನಮಗೆ ತಿಳಿಯುವಷ್ಟರಲ್ಲಿ ಆಲೂರಿನ ಹತ್ತಿರದ ಅವರ ಊರಲ್ಲಿ ಮಣ್ಣು ಮಾಡಿಯಾಗಿತ್ತು. ಮೂರನೇ ದಿನಕ್ಕೋ ಏನೋ ಅಧ್ಯಕ್ಷರು ಪ್ರೆಸ್ಸಿಗೆ ಬಂದರು. ಸೇವಾ ಸಂಘದಿಂದ ಶ್ರದ್ಧಾಂಜಲಿ ಸಭೆಯಂತೆ. ಕರಪತ್ರ ಬೇಕಂತೆ. ಎಲ್ಲರ ಮೆಚ್ಚಿನ ಉಪನ್ಯಾಸಕಿ, ಸರಳ ಸಜ್ಜನಿಕೆಯ, ಮೃದು ಸ್ವಭಾವದ ಎಂದು ಬರೆದುಕೊಂಡು ಬಂದಿದ್ದರು.

ಮೃದು ಸ್ವಭಾವದ! ಆ ಹೆಂಗಸಿನ ಒಂದೇ ಒಂದು ಆಸ್ತಿ ಅವರ ಸಿಟ್ಟು. ಅದನ್ನೂ ಕಿತ್ತುಕೊಳ್ಳಲು ಬಂದಿದ್ದರು.

"ಕೊನೆಗೆ ಒಂದು ಸಾಲು ಸೇರಿಸ್ಬೇಕು ಸಾರ್" ಎಂದೆ.

"ಏನಮ್ಮ ಅದು?"

"ನಾವು ಇವರನ್ನ ಊರಿಂದ ಓಡಿಸಿದ್ವಿ ಅಂತ."

ಅವರ ಮುಖ ಕೆಂಪಾಯಿತು. "ಹಳೇದೆಲ್ಲ ಯಾಕೆ ತೆಗೀತೀಯ?"

"ಆ ಹೊಸಕೋಟೆ ಹುಡುಗಿ ಏನಾದ್ಲು ಸಾರ್?"

"ಯಾವ ಹುಡುಗಿ?" ಎಂದರು.

ನಾಟಕ ಆಡಲಿಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಇಷ್ಟು ವರ್ಷ ಇವರ ಮೇಲೆ ಸಿಟ್ಟಿಟ್ಟುಕೊಂಡು ಬಂದಿದ್ದೇನಲ್ಲ, ಇವರಿಗೆ ಆ ಎರಡು ಜಡೆಯೂ ನೆನಪಿಲ್ಲ. ನಮ್ಮ ಮನೆಯವರು ಹಿಂದಿನ ಕೋಣೆಯಿಂದ ಬಂದು ಅವರ ಕಾಗದವನ್ನು ಮಡಿಸಿ ಅವರ ಕೈಗೇ ಕೊಟ್ಟರು. "ಮೆಷಿನ್ನು ಕೆಟ್ಟೈತೆ ಸಾರ್." "ಯಾವಾಗ ಸರಿ ಆಗುತ್ತೋ?" "ಭವ್ಯವಾರ."

ನಮ್ಮದೇ ಒಂದು ಸಣ್ಣ ಕಾರ್ಡನ್ನು ನಾವು ಅಚ್ಚು ಹಾಕಿದೆವು. ಅವರು ತೀರಿಕೊಂಡದ್ದು ಭಾನುವಾರ. ಆ ಪದವನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಿ, ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಮತ್ತೆ ಮೊದಲಿಂದ ಓದಿದೆ.

ನನ್ನ ಮಗ ಈಗ ನನಗಿಂತ ಎತ್ತರ. ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಅವನೇ ಕೂರುತ್ತಾನೆ. ಈಗಲೂ ಹಾಸನಕ್ಕೆ ಹೋಗಿ ರಕ್ತ ಹಾಕಿಸಿಕೊಳ್ಳುತ್ತಾನೆ. ಈಗಲೂ ಬಾಳ್ಳುಪೇಟೆಯಲ್ಲಿ ಬೋಂಡ. ಮೊನ್ನೆ ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು, ಈಗ ಹೊಸ ವಿಧಾನ ಬಂದಿದೆ ಎಂದರು. ಹೊರದೇಶದಲ್ಲಿ ಅನುಮತಿಯೂ ಸಿಕ್ಕಿದೆಯಂತೆ. ಮೊದಲಿನ ಹಾಗೆ ಎಲ್ಲೋ ತುರುಕುವುದಲ್ಲ. ಕಾಂಡಕೋಶದೊಳಗೆ ಬೇಕಾದ ಅಕ್ಷರಗಳ ಸಾಲನ್ನು ಹುಡುಕಿಕೊಂಡು ಹೋಗಿ, ಅಲ್ಲೇ ಕತ್ತರಿಸುವುದು.

ಮಗ ನನ್ನ ಕಡೆ ನೋಡಿದ. "ಅಮ್ಮ, ಇದು ಪಪ್ಪನ ಗುಂಡಿನೇ ಅಲ್ವಾ?" ಎಂದ. ಆಮೇಲೆ ಡಾಕ್ಟರಿಗೆ ಕೇಳಿದ: "ಅದೇ ಥರದ ಅಕ್ಷರ ಬೇರೆ ಕಡೆ ಇದ್ರೆ ಅಲ್ಲೂ ಕತ್ತರಿಸುತ್ತಾ ಸಾರ್? ತಿದ್ದಿದ ಮೇಲೆ ಪುಟ ಪೂರ್ತಿ ಓದ್ತೀರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು.

"ಕತ್ತರಿಸಬಹುದು. ಒಂದೇ ಥರ ಇರೋ ಜಾಗಗಳನ್ನ ಮೊದಲೇ ಹುಡುಕಿಟ್ಕೊಂಡು, ಆಮೇಲೆ ಅಲ್ಲೆಲ್ಲ ನೋಡ್ತಾರೆ. ಕತ್ತರಿಸಿದ ಜಾಗದಲ್ಲೇ ದೊಡ್ಡ ತುಂಡು ಕಳೆದುಹೋಗಿರೋದೂ ಉಂಟು, ಅದನ್ನೂ ನೋಡ್ಬೇಕು. ಎಷ್ಟೋ ವರ್ಷ ಕರೆಸಿ ನೋಡ್ತಾನೇ ಇರ್ಬೇಕು. ಎಲ್ಲಾನೂ ಕಂಡುಹಿಡಿಯೋಕಾಗುತ್ತೆ ಅಂತ ನಾನು ಹೇಳಲ್ಲ. ಗೊತ್ತಿಲ್ಲದ್ದು ಇನ್ನೂ ಇದೆ."

"ಗೊತ್ತಿಲ್ಲ ಅಂದ್ರಲ್ಲ ಸಾರ್, ಅಷ್ಟು ಸಾಕು. ನಾನು ಯೋಚ್ನೆ ಮಾಡಿ ಹೇಳ್ತೀನಿ" ಎಂದ ನನ್ನ ಮಗ.

ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಯಾಕಮ್ಮ ಎಂದು ಅವನು ಎರಡು ಸಲ ಕೇಳಿದ. ಡಾಕ್ಟರಿಗೆ ಆ ಉತ್ತರ ಹೇಳಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಅವರ ಮರ್ಯಾದೆ ಹೋಗಲಿಲ್ಲ, ನಮ್ಮ ನಂಬಿಕೆಯೂ ಹೋಗಲಿಲ್ಲ. ಇಷ್ಟೇ ಉತ್ತರ. ಇದನ್ನು ಕೇಳಿದ್ದಕ್ಕೆ ಒಂದು ಊರಿಗೆ ಊರೇ ಸೇರಿ ಒಬ್ಬ ಹೆಂಗಸನ್ನು ಕೂರಿಸಿತು, ನಗಾಡಿತು, ಬಸ್ಸು ಹತ್ತಿಸಿತು. ಇದನ್ನು ಹೇಳಬೇಕಾದವರು ಹೇಳದೆ ಆ ಹುಡುಗಿಯ ಕೆಂಪು ರಿಬ್ಬನ್ನು ಹೋಯಿತು.

ಬಾಳ್ಳುಪೇಟೆ ಬಂತು. ಮಗ ಇಳಿದು ಹೋಗಿ ಬೋಂಡ ತಂದ.